ಹಳಿ ನೋಡಿದ ಕಣ್ಣು

ಮಂಡಿಯೂರಿ, ಹಳಿಗೆ ಕೆನ್ನೆ ತಾಗಿಸಿ
ಒಂದು ಕಣ್ಣು ಮುಚ್ಚಿ
ಇನ್ನೊಂದನ್ನು ಕಬ್ಬಿಣದ ಉದ್ದಕ್ಕೂ ಹರಿಯಬಿಡುವುದು:
ಮೂವತ್ತೊಂದು ವರ್ಷದಿಂದ ಇದೇ ನನ್ನ ಕಸುಬು.
ಕೂದಲೆಳೆಯಷ್ಟು ಬಾಗಿದ್ದರೂ ಅಲ್ಲಿ
ಸೀಮೆಸುಣ್ಣದ ಗೀಟು.

ಅದಕ್ಕೇ ಇನಾಯತ್ ಸಾಬರು ಹೇಳಿಕಳಿಸಿದ್ದು.
ಅರಸೀಕೆರೆಯ ಅರ್ಧ ಊರಿನ ಮೂಗಿಗೆ
ಕನ್ನಡಕ ಕೂರಿಸಿದವರು.
ಅಂಗಡಿಯನ್ನು ಮಗಳ ಕೈಗೆ ಬಿಟ್ಟು
ಎರಡು ಮಾಗಿ ಕೂತು ಎರಡು ಗಾಜು ಉಜ್ಜಿದ್ದಾರೆ.
ಒಂದು ಉಬ್ಬು, ಒಂದು ತಗ್ಗು;
ಒಂದು ಚೆಲ್ಲಿದ ಬಣ್ಣವನ್ನು
ಇನ್ನೊಂದು ಆಯ್ದು ಒಟ್ಟುಗೂಡಿಸಬೇಕು.
ಪಿವಿಸಿ ಪೈಪಿನ ತುದಿಗೆ ಎರಡನ್ನೂ ಸಿಕ್ಕಿಸಿ
ದುರ್ಬೀನು ಅಂದಿದ್ದಾರೆ.

"ಹೆಂಗಾಗಿದೆಯೋ ನನಗೆ ಕಾಣಲ್ಲ ಓಂಕಾರಪ್ಪ,
ಎರಡೂ ಕಣ್ಣಿಗೆ ಪೊರೆ.
ನಿನ್ನದು ಹಳಿ ನೋಡಿದ ಕಣ್ಣು, ನೀನು ಹೇಳು."

ಆಕಾಶಕ್ಕೆತ್ತುವ ಮೊದಲು ನೆಲಕ್ಕೆ ಬಗ್ಗಿಸಿದೆವು,
ಗಾಜು ಕೆಳಗೆ, ಅದರಡಿ ತಟ್ಟೆ, ತಟ್ಟೆಯಲ್ಲಿ ಎಣ್ಣೆ.
ನಿಂತ ಎಣ್ಣೆಯಷ್ಟು ಮಟ್ಟಸವಾದ ಕನ್ನಡಿಯನ್ನು
ನಮ್ಮಂಥವರ ದುಡ್ಡಿಗೆ ಯಾರೂ ಮಾಡಿಕೊಡರಂತೆ.
ಮೊದಲ ರಾತ್ರಿ ಕೊಬ್ಬರಿ ಎಣ್ಣೆ. ನಮ್ಮೂರದ್ದಲ್ಲವೇ!
ಪುಷ್ಯದ ಚಳಿಗೆ ಹತ್ತು ಗಂಟೆಗೇ ಹೆಪ್ಪುಗಟ್ಟಿ
ಬೆಳ್ಳಗೆ ಮಲಗಿಬಿಟ್ಟಿತು.
ಮಾರನೆಯ ದಿನ ಗ್ಯಾರೇಜಿನ ಹಳೇ ಎಂಜಿನ್ ಆಯಿಲ್,
ಕಾಡಿಗೆಗಪ್ಪು. ಅದು ಒಪ್ಪಿತು.

ಸ್ಟೂಲಿನ ಮೇಲೆ ನಾನು.
ಹಸಿರು ದೀಪದ ಒಂದು ಕಾಳು,
ಪ್ರೆಸ್ಸಿನ ಹುಡುಗ ಕೊಟ್ಟ ಫಿಲ್ಮಿನ ಚೂರು,
ಅದರ ತುಂಬ ಒತ್ತೊತ್ತು ಗೆರೆ.
ಬೆಳಕು ಗೆರೆಗಳ ಸಂದಿನಿಂದಿಳಿದು
ಗಾಜು ದಾಟಿ, ಎಣ್ಣೆ ಮುಟ್ಟಿ
ಅದೇ ಗಾಜು ಹತ್ತಿ ವಾಪಸ್ಸು ಬರುತ್ತದೆ.
"ಎರಡು ಸಲ ಹಾಯ್ತದಲ್ಲ,
ತಪ್ಪೂ ಎರಡರಷ್ಟು ಕಾಣ್ತದೆ,"
ಕತ್ತಲಲ್ಲಿ ಗೋಡೆಗೊರಗಿ ಸಾಬರು, "ಅದು ಒಳ್ಳೇದೇ."

ಆದರೆ ಇದು ಹಳಿ ಕೂಡುವ ಊರು.
ಗೂಡ್ಸು ಅತ್ತ ಬಾಣಾವರ ಬಿಟ್ಟರೆ ಸಾಕು,
ಇತ್ತ ತಟ್ಟೆಗೆ ಸುದ್ದಿ ಮುಟ್ಟುತ್ತದೆ;
ಗೆರೆಗಳೆಲ್ಲ ಎರೆಹುಳುಗಳಾಗಿ ಹೊರಳುತ್ತವೆ.
ನನಗೋ ಗಾಡಿಗಳ ವೇಳೆ ಬಾಯಿಪಾಠ:
ಒಂದೂ ಹತ್ತರಿಂದ ಒಂದೂಮುಕ್ಕಾಲು, ಏನೂ ಇಲ್ಲ.
ಆ ಮೂವತ್ತೈದು ನಿಮಿಷಕ್ಕೆ ಕಾದೆವು.
ಉಸಿರನ್ನೂ ಪಕ್ಕಕ್ಕೆ ತಿರುಗಿ ಬಿಟ್ಟೆವು.

ನಿಂತವು.
ಹಸಿರು ಬಿಲ್ಲೆಯ ಮೇಲೆ ಆರು ಕಪ್ಪು ಹಳಿ.
ನಡುವೆ ನೇರ. ಮುಕ್ಕಾಲು ದಾರಿಗೂ ನೇರ.
ಇಂಥ ಹಳಿ ಹಾಕಿದವನ ಕೈ ಮುಟ್ಟಬೇಕು ಅನ್ನುವಷ್ಟು ನೇರ.
ಆಮೇಲೆ, ಇನ್ನೇನು ಅಂಚು ಎನ್ನುವಾಗ,
ಎಲ್ಲವೂ ಒಟ್ಟಿಗೆ ಕೊಂಚ ಒಳಗೆ ಬಾಗಿದವು,
ಹಿಂದಿನಿಂದ ಯಾರೋ ಕರೆದಂತೆ.

"ಹೆಂಗಿದೆ?"

ಡ್ಯೂಟಿಯಲ್ಲಾದರೆ ಬರೆದುಬಿಡುತ್ತೇನೆ:
ಇಷ್ಟನೇ ಕಿಲೋಮೀಟರು, ಎಡಗಡೆ ಹಳಿ, ದೋಷ.
ಹಳಿಗೇನು, ಅದು ನನ್ನ ಮುಖ ನೋಡುವುದಿಲ್ಲ.
ಇವರು ನನ್ನ ಮಗಳಿಗೆ ಹತ್ತನೇ ಕ್ಲಾಸಿನಲ್ಲಿ
ಕಾಸು ಮುಟ್ಟದೆ ಕನ್ನಡಕ ಕೊಟ್ಟವರು.
'ಭೇಷಾಗಿದೆ' ಅನ್ನುವುದು ನಾಲಿಗೆ ತುದಿಗೆ ಬಂದು ಕೂತಿತ್ತು.

"ಅಂಚು ಇಳಿದಿದೆ ಸಾಬ್ರೇ."

ಬೀದಿಯಲ್ಲಿ ನಾಯಿಯೊಂದು ಎದ್ದು ಮೈಕೊಡವಿತು.
"ಎಷ್ಟು?"
"ಬೆಂಕಿಕಡ್ಡಿ ಅಗಲ."
"ಒಂದು ಕಡೆಗೋ, ಸುತ್ತಲೂನೋ?"
"ಸುತ್ತಲೂ."
"ಸುತ್ತಲೂ ಅಂದರೆ," ತಡೆದು ತಡೆದು ನಕ್ಕರು,
"ಕೈ ಒಂದೇ ಸಮ ಓಡಿದೆ ಅಂತ."

ಕತ್ತರಿಯನ್ನು ತಡಕಾಡಿ ತಾವೇ ಹುಡುಕಿಕೊಂಡರು.
ಯಾರದೋ ಲಗ್ನಪತ್ರಿಕೆ, ದಪ್ಪ ರಟ್ಟು.
ಹೆಬ್ಬೆರಳಿನಲ್ಲೇ ಅಳೆದು ಬಳೆಯಂತೆ ಕತ್ತರಿಸಿ
ಮಸಿ ಬಳಿದು ಗಾಜಿನ ಮುಂದೆ ಕೂರಿಸಿದರು.
ಅಷ್ಟು ಬೆಳಕು ಹೋದರೆ ಹೋಗಲಿ.

ನಾಲ್ಕರ ಹೊತ್ತಿಗೆ ತಾರಸಿ. ತೆಂಗಿನ ತಲೆ ದಾಟಿ ಸ್ವಾತಿ.
ಫೋಕಸ್ಸಿನಿಂದ ಒಳಗೆ ತಳ್ಳಿದೆ: ಉಂಗುರದೊಳಗೆ ಉಂಗುರ.
ಹೊರಗೆ ಎಳೆದೆ: ಮತ್ತೆ ಉಂಗುರ.
"ಎಣಿಸು," ಅಂದರು. ನಾನು ಬಾಯಲ್ಲಿ,
ಅವರು ಬೆರಳ ಗೆಣ್ಣುಗಳಲ್ಲಿ.
ಒಳಗೆ ಐದು. ಹೊರಗೆ ಒಂದು, ಎರಡು, ಮೂರು,
ನಾಲ್ಕು ಅನ್ನುವಷ್ಟರಲ್ಲಿ
ಉಂಗುರಗಳೆಲ್ಲ ಗಡಗಡ ಅದುರಿ ಕಲಸಿಹೋದವು.

ಸಾಬರ ಬೆರಳು ಅಲ್ಲೇ ನಿಂತಿತು.
"ಗೂಡ್ಸು," ಅಂದೆ.
"ಹಂಗಾದರೆ," ಅಂದರು, "ಇದು ನನ್ನ ತಪ್ಪಲ್ಲ."